ವಾಸಿಲಿ ಲಿಯೊಂಟಿಫ್ ಮತ್ತು ಲೋಕದ ಲೆಕ್ಕ

ಆದಾನ-ಪ್ರದಾನ ಎಂಬ ಜೋಡುನುಡಿ ಹೊರನಾಡಿನ ಕನ್ನಡ ವಿಭಾಗಗಳಿಗೆ ಅಪರಿಚಿತವಾದುದಲ್ಲ. ಕನ್ನಡ-ಮರಾಠಿ ಬಾಂಧವ್ಯವನ್ನು ಕುರಿತ ವಿಚಾರಸಂಕಿರಣಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಒಂದು ನುಡಿ ಇನ್ನೊಂದರಿಂದ ಏನನ್ನು ಪಡೆಯಿತು, ಪ್ರತಿಯಾಗಿ ಏನನ್ನು ಕೊಟ್ಟಿತು ಎಂಬ ಲೆಕ್ಕವನ್ನು ನಾವು ಸಾಹಿತ್ಯದಲ್ಲಿ ಹಾಕುತ್ತ ಬಂದಿದ್ದೇವೆ. ಅರ್ಥಶಾಸ್ತ್ರದಲ್ಲಿಯೂ ಇಂತಹುದೇ ಒಂದು ಲೆಕ್ಕವಿದೆ. ಕನ್ನಡದಲ್ಲಿ ಅದನ್ನು ಹೂಡುವಳಿ-ಹುಟ್ಟುವಳಿ ವಿಶ್ಲೇಷಣೆಯೆಂದು ಕರೆಯುವುದುಂಟು. ಸಂಸ್ಕೃತದ ಜೋಡುನುಡಿಗಿಂತ ಈ ಹೆಸರೇ ಹೆಚ್ಚು ಒಪ್ಪುವಂತಹುದೆಂದು ನನ್ನ ಭಾವನೆ. ಒಂದು ದೇಶದ ಪ್ರತಿಯೊಂದು ಉದ್ಯಮವೂ ಇತರ ಉದ್ಯಮಗಳಿಂದ ಏನನ್ನು ಕೊಳ್ಳುತ್ತದೆ, ಯಾರಿಗೆ ಏನನ್ನು ಮಾರುತ್ತದೆ ಎಂಬುದನ್ನು ಒಂದೇ ಕೋಷ್ಟಕದಲ್ಲಿ ಬರೆದಿಡುವ ವಿದ್ಯೆ ಇದು. ಈ ವಿದ್ಯೆಯನ್ನು ಕಟ್ಟಿದವರು ವಾಸಿಲಿ ಲಿಯೊಂಟಿಫ್. ಒಂದು ದೇಶದ ಪುಸ್ತಕ ಎಷ್ಟೇ ಶುದ್ಧವಾಗಿದ್ದರೂ ಆ ದೇಶದ ವ್ಯಾಪಾರದ ಅರ್ಥ ಅದೊಂದರಿಂದಲೇ ತಿಳಿಯದು, ಅದಕ್ಕೆ ಎದುರು ಪಕ್ಷದ ಪುಸ್ತಕವೂ ಬೇಕು ಎಂಬ ಸತ್ಯ ಅವರ ಕೈಯಲ್ಲಿಯೇ, ಅವರು ನಿರೀಕ್ಷಿಸದ ರೀತಿಯಲ್ಲಿ, ಬಯಲಿಗೆ ಬಂದಿತು. ಅವರ ಬದುಕನ್ನು ಇಲ್ಲಿ ಮುಖ್ಯವಾಗಿ ಆ ದೃಷ್ಟಿಯಿಂದ ನೋಡಲಾಗಿದೆ.

ಎಣಿಕೆಯಲ್ಲಿಯೇ ಆಯುಷ್ಯವನ್ನು ಕಳೆದ ಈ ವಿದ್ವಾಂಸರ ಜನನದ ದಾಖಲೆಯೇ ಬಹುಕಾಲ ತಪ್ಪಾಗಿ ಉಳಿದಿತ್ತೆಂಬುದು ಒಂದು ವಿನೋದ. ಅವರು 1906ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದರೆಂದು ವಿಶ್ವಕೋಶಗಳೆಲ್ಲ ಬರೆದವು. ಮುಂದೆ ದೊರೆತ ದಾಖಲೆಗಳಿಂದ ಅವರು ಹುಟ್ಟಿದ್ದು 1905ರ ಆಗಸ್ಟ್ 5ರಂದು, ಜರ್ಮನಿಯ ಮ್ಯೂನಿಕ್ ನಗರದಲ್ಲಿ ಎಂದು ತಿಳಿಯಿತು. ತಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಯೆಹೂದಿ ಮನೆತನದವರು. ಬಾಲ್ಯ ಕಳೆದದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆ ಊರು ಅವರ ಕಣ್ಣೆದುರಿನಲ್ಲಿಯೇ ಪೆಟ್ರೊಗ್ರಾಡ್ ಆಯಿತು, ಆಮೇಲೆ ಲೆನಿನ್‌ಗ್ರಾಡ್ ಆಯಿತು. ಮಹಾಯುದ್ಧ, ಕ್ರಾಂತಿ, ಅಂತರ್ಯುದ್ಧ, ಹಸಿವು ಇವೆಲ್ಲವನ್ನೂ ಹದಿನೈದರೊಳಗೇ ಕಂಡ ಹುಡುಗ 1921ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದನು.

ಅಲ್ಲಿ ತತ್ತ್ವಶಾಸ್ತ್ರ, ಸಮಾಜಶಾಸ್ತ್ರಗಳಿಂದ ಆರಂಭಿಸಿ ಅರ್ಥಶಾಸ್ತ್ರಕ್ಕೆ ಬಂದರು. ವಿಶ್ವವಿದ್ಯಾನಿಲಯದ ಸ್ವಾಯತ್ತತೆಗಾಗಿ, ವಾಕ್‌ಸ್ವಾತಂತ್ರ್ಯಕ್ಕಾಗಿ ದನಿಯೆತ್ತಿದ ವಿದ್ಯಾರ್ಥಿಗಳ ಗುಂಪಿನಲ್ಲಿದ್ದ ಕಾರಣ ಗುಪ್ತ ಪೊಲೀಸರು ಅವರನ್ನು ಹಲವು ಬಾರಿ ಬಂಧಿಸಿದರು. 1924ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ, ಪದವಿ ಪಡೆದರು. ಮರುವರ್ಷ ದೇಶವನ್ನು ಬಿಡಲು ಅನುಮತಿ ದೊರೆತದ್ದು ಒಂದು ವಿಚಿತ್ರ ಕಾರಣದಿಂದ. ಮೈಯಲ್ಲಿ ಎದ್ದಿದ್ದ ಗಡ್ಡೆಯನ್ನು ಮಾರಕವಾದ ಅರ್ಬುದವೆಂದು ವೈದ್ಯರು ಹೇಳಿದ್ದರು. ಸಾಯಲಿರುವ ತರುಣನಿಂದ ಸರ್ಕಾರಕ್ಕೇನು ಭಯ? ಹೊರಟುಹೋಗಲು ಬಿಟ್ಟರು. ಆ ರೋಗನಿದಾನ ಸುಳ್ಳಾಯಿತು. ಲಿಯೊಂಟಿಫ್ ಅನಂತರ ಎಪ್ಪತ್ತು ವರ್ಷಗಳಿಗೂ ಮಿಕ್ಕಿ ಬದುಕಿದರು.

ಬಿಡುವ ಮುನ್ನ ಅವರು ಓದಿದ್ದ ಒಂದು ಸರ್ಕಾರಿ ದಾಖಲೆಯನ್ನು ಇಲ್ಲಿ ಹೆಸರಿಸಬೇಕು. ಸೋವಿಯತ್ ಅಂಕಿ-ಅಂಶ ಇಲಾಖೆ 1923-24ರ ಸಾಲಿಗೆ ಇಡೀ ರಾಷ್ಟ್ರದ ಆರ್ಥಿಕ ವ್ಯವಹಾರದ ತಃಖ್ತೆಯೊಂದನ್ನು ಸಿದ್ಧಪಡಿಸಿತ್ತು. ಅದನ್ನು ಕುರಿತು ತರುಣ ಲಿಯೊಂಟಿಫ್ 1925ರಲ್ಲಿ ಒಂದು ವಿಮರ್ಶೆ ಬರೆದರು. ಉದ್ಯಮಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಒಂದೇ ಹಾಳೆಯಲ್ಲಿ ಕಾಣುವ ಆಸೆ ಅವರಲ್ಲಿ ಆಗಲೇ ಮೊಳೆತಿತ್ತೆಂಬುದಕ್ಕೆ ಈ ಬರಹ ಸಾಕ್ಷಿ. ಮುಂದೆ 1929ರಲ್ಲಿ ಸ್ಟಾಲಿನ್ ಆ ತಃಖ್ತೆಯನ್ನು ಬರಿಯ ಅಂಕಿಗಳ ಆಟವೆಂದು ಹಳಿದನು. ಆ ಮಾರ್ಗ ರಷ್ಯಾದಲ್ಲಿ ಮೂರು ದಶಕಗಳ ಕಾಲ ಮುಚ್ಚಿಹೋಯಿತು.

ಬರ್ಲಿನ್ನಿನಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್ಕೆವಿಚ್ ಮತ್ತು ಆರ್ಥಿಕ ಇತಿಹಾಸಕಾರ ಸೊಂಬಾರ್ಟ್ ಇವರ ಮಾರ್ಗದರ್ಶನ ದೊರೆಯಿತು. ಅರ್ಥವ್ಯವಸ್ಥೆಯನ್ನು ಒಂದು ಚಕ್ರವಾಗಿ, ಒಂದರ ಉತ್ಪನ್ನವೇ ಇನ್ನೊಂದರ ಸಾಮಗ್ರಿಯಾಗುವ ಸುತ್ತಾಟವಾಗಿ ಕಾಣುವ ಪ್ರಬಂಧಕ್ಕೆ 1928ರಲ್ಲಿ ಡಾಕ್ಟರೇಟ್ ಪದವಿ ಬಂದಿತು. ಕೀಲ್ ನಗರದ ಜಾಗತಿಕ ಅರ್ಥಶಾಸ್ತ್ರ ಸಂಸ್ಥೆಯಲ್ಲಿ ದುಡಿದರು. 1929ರಲ್ಲಿ ರೈಲ್ವೆ ಸಚಿವಾಲಯದ ಸಲಹೆಗಾರರಾಗಿ ಚೀನಾಕ್ಕೂ ಹೋಗಿಬಂದರು. 1931ರಲ್ಲಿ ಅಮೆರಿಕೆಗೆ ತೆರಳಿ, ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಕವಯಿತ್ರಿ ಎಸ್ಟೆಲ್ ಮಾರ್ಕ್ಸ್ ಅವರನ್ನು ಮದುವೆಯಾದದ್ದೂ ಅದೇ ವರ್ಷ. ಕಲೆಯ ಇತಿಹಾಸಕಾರರಾಗಿ ಹೆಸರಾದ ಸ್ವೆಟ್ಲಾನಾ ಆಲ್ಪರ್ಸ್ ಇವರ ಮಗಳು.

ಹಾರ್ವರ್ಡಿನಲ್ಲಿ ಅವರು ಒಬ್ಬ ಸಹಾಯಕನಿಗಾಗಿ ಹಣ ಕೇಳಿದರು. ಅಮೆರಿಕೆಯ ಎಲ್ಲ ಉದ್ಯಮಗಳ ಪರಸ್ಪರ ವ್ಯವಹಾರವನ್ನು ಅಂಕಿಗಳಲ್ಲಿ ತುಂಬುವುದಾಗಿ ಹೇಳಿದರು. ಇದು ಆಗುವ ಕೆಲಸವಲ್ಲವೆಂದು ಅಭಿಪ್ರಾಯಪಟ್ಟ ಸಮಿತಿಯೇ ಹಣವನ್ನೂ ಮಂಜೂರು ಮಾಡಿತು. ಅಂತಹ ಸಮಿತಿಗಳು ಇಂದು ಎಲ್ಲಿವೆಯೋ ಕಾಣೆ. ಗಣತಿಯ ವರದಿಗಳು, ಉದ್ಯಮಗಳ ಪತ್ರಿಕೆಗಳು, ರೈಲ್ವೆ ಸರಕಿನ ಪಟ್ಟಿಗಳು ಇವನ್ನೆಲ್ಲ ಜಾಲಾಡಿ, ಸಾಲದೆಡೆ ದೂರವಾಣಿಯಲ್ಲಿ ಕಂಪನಿಗಳನ್ನೇ ವಿಚಾರಿಸಿ, 1919ರ ಸಾಲಿನ ಅಮೆರಿಕೆಗೆ ಸುಮಾರು ನಲವತ್ತು ವಲಯಗಳ ಕೋಷ್ಟಕವನ್ನು ಕಟ್ಟಿದರು. 1936ರಲ್ಲಿ ಅದು ಪ್ರಕಟವಾಯಿತು. 1758ರಲ್ಲಿ ಫ್ರಾನ್ಸಿನ ಅರಮನೆಯ ವೈದ್ಯ ಫ್ರಾಂಸ್ವಾ ಕೆನೆ ರಾಷ್ಟ್ರದ ಸಂಪತ್ತಿನ ಹರಿವನ್ನು ರೇಖೆಗಳಲ್ಲಿ ಚಿತ್ರಿಸಿದ್ದನು. ತಾವು ಮಾಡುತ್ತಿರುವುದು ಅದನ್ನೇ, ಆದರೆ ನಿಜವಾದ ಅಂಕಿಗಳಲ್ಲಿ ಎಂದು ಲಿಯೊಂಟಿಫ್ ಆ ಪೂರ್ವಸೂರಿಯ ಋಣವನ್ನು ಒಪ್ಪಿಕೊಂಡರು.

ಕೋಷ್ಟಕದ ರಚನೆಯನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೂ ತಿಳಿಯುವಂತೆ ಹೇಳಬಹುದು. ಅಡ್ಡಸಾಲಿನಲ್ಲಿ ಒಂದು ಉದ್ಯಮ ಯಾರು ಯಾರಿಗೆ ಎಷ್ಟು ಮಾರಿತೆಂಬುದಿರುತ್ತದೆ. ಕಂಬಸಾಲಿನಲ್ಲಿ ಅದೇ ಉದ್ಯಮ ಯಾರು ಯಾರಿಂದ ಎಷ್ಟು ಕೊಂಡಿತೆಂಬುದು. ಬಟ್ಟೆಯ ಗಿರಣಿಯ ಕಂಬವನ್ನು ನೋಡಿದರೆ ಹತ್ತಿ, ಕಲ್ಲಿದ್ದಲು, ಬಣ್ಣ, ಸಾಗಣೆ, ಯಂತ್ರದ ಬಿಡಿಭಾಗ, ಕೂಲಿ ಎಲ್ಲವೂ ಕಾಣುತ್ತವೆ. ನೂರು ರೂಪಾಯಿಯ ಬಟ್ಟೆಗೆ ಇಂತಿಷ್ಟು ರೂಪಾಯಿಯ ಹತ್ತಿ ಎಂಬ ಪ್ರಮಾಣವೇ ತಾಂತ್ರಿಕ ಗುಣಾಂಕ. ಇಷ್ಟಕ್ಕೇ ನಿಂತರೆ ಅದು ಜಮಾ-ಖರ್ಚಿನ ಪುಸ್ತಕ ಮಾತ್ರ. ಆದರೆ ಗಿರಣಿಗೆ ಕಲ್ಲಿದ್ದಲನ್ನು ತಂದ ರೈಲಿಗೂ ಕಲ್ಲಿದ್ದಲು ಬೇಕು, ಆ ರೈಲಿನ ಉಕ್ಕಿಗೂ ಬೇಕು, ಉಕ್ಕಿನ ಅದುರನ್ನು ತೆಗೆಯುವ ಯಂತ್ರಕ್ಕೂ ಬೇಕು. ಹೀಗೆ ಒಂದು ಗಜ ಬಟ್ಟೆಯ ಹಿಂದೆ ಸುತ್ತು ಸುತ್ತಾಗಿ ಅಡಗಿರುವ ಕಲ್ಲಿದ್ದಲನ್ನೆಲ್ಲ ಒಟ್ಟುಗೂಡಿಸುವ ಗಣಿತದ ಉಪಾಯವೊಂದುಂಟು. ಅದನ್ನು ಇಂದು ಲಿಯೊಂಟಿಫ್ ವಿಲೋಮ ಮಾತೃಕೆಯೆಂದು ಕರೆಯುತ್ತಾರೆ. ಕಣ್ಣಿಗೆ ಕಾಣುವ ಖರೀದಿಯ ಹಿಂದಿನ ಕಾಣದ ಖರೀದಿಯನ್ನು ಕಾಣಿಸುವುದೇ ಈ ವಿದ್ಯೆಯ ಸಾರಸರ್ವಸ್ವ.

ಲೆಕ್ಕ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಸಾಧ್ಯವೆನಿಸುವಷ್ಟು ದೊಡ್ಡದು. ಅಮೆರಿಕೆಯ ಅರ್ಥವ್ಯವಸ್ಥೆಯನ್ನು ಕುರಿತ 1941ರ ಗ್ರಂಥದಲ್ಲಿ ಅವರು ಕೋಷ್ಟಕವನ್ನು ಹತ್ತು ವಲಯಗಳಿಗೆ ಕುಗ್ಗಿಸಬೇಕಾಯಿತು, ಏಕೆಂದರೆ ಅಂದಿನ ಸಾಧನಗಳು ಅದಕ್ಕಿಂತ ಹೆಚ್ಚನ್ನು ತಾಳುತ್ತಿರಲಿಲ್ಲ. ಮ್ಯಾಸಚುಸೆಟ್ಸಿನ ತಂತ್ರವಿದ್ಯಾ ಸಂಸ್ಥೆಯಲ್ಲಿ ಒಂಬತ್ತು ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವ ಯಂತ್ರವೊಂದಿತ್ತು. ಅದನ್ನೂ ಅವರು ಬಳಸಿದರು. ಹಾರ್ವರ್ಡಿನ ಬೃಹತ್ ಗಣಕಯಂತ್ರ ಬಂದಾಗ ಅದನ್ನು ಆರ್ಥಿಕ ಲೆಕ್ಕಕ್ಕೆ ಹಚ್ಚಿದ ಮೊದಲಿಗರಲ್ಲಿ ಅವರೊಬ್ಬರು. ದಶಕದ ಕೊನೆಗೆ ಸುಮಾರು 500 ವಲಯಗಳ ಮಾಹಿತಿಯನ್ನು 42 ವಲಯಗಳಿಗೆ ಇಳಿಸಿ ರಂಧ್ರಪತ್ರಗಳಲ್ಲಿ ತುಂಬಿದಾಗ ಉತ್ತರ ಬರಲು 56 ಗಂಟೆ ಹಿಡಿಯಿತಂತೆ.

ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಈ ವಿದ್ಯೆ ಬೇಕಾಯಿತು. ಸೈನಿಕರು ಮನೆಗೆ ಮರಳಿದ ಮೇಲೆ ಉದ್ಯೋಗವೆಷ್ಟು ಉಳಿಯುತ್ತದೆ ಎಂಬ ಚಿಂತೆಯಿಂದ ಕಾರ್ಮಿಕ ಅಂಕಿ-ಅಂಶ ಇಲಾಖೆ ಲಿಯೊಂಟಿಫ್ ಅವರ ನೆರವಿನಿಂದ 1939ರ ಸಾಲಿನ ಕೋಷ್ಟಕವನ್ನು ಸಿದ್ಧಪಡಿಸಿತು. ಯುದ್ಧ ಮುಗಿದೊಡನೆ ಉಕ್ಕಿನ ಬೇಡಿಕೆ ಕುಸಿಯುವುದೆಂದು ಬಹುಜನ ಭಾವಿಸಿದ್ದರು; ಕೋಷ್ಟಕ ಅದು ಏರುವುದೆಂದು ಹೇಳಿತು, ಹಾಗೆಯೇ ಆಯಿತು. 1948ರಲ್ಲಿ ಅವರು ಹಾರ್ವರ್ಡಿನ ಆರ್ಥಿಕ ಸಂಶೋಧನ ಯೋಜನೆಯನ್ನು ಆರಂಭಿಸಿ, ಮುಂದೆ ಇಪ್ಪತ್ತೈದು ವರ್ಷ ಅದರ ನಿರ್ದೇಶಕರಾಗಿದ್ದರು. 1947ರ ಸಾಲಿನ ವಿಸ್ತಾರವಾದ ಕೋಷ್ಟಕಕ್ಕೆ ರಕ್ಷಣಾ ಇಲಾಖೆಯ ಹಣ ದೊರೆಯಿತು. ಆದರೆ 1953ರಲ್ಲಿ ಐಸೆನ್‌ಹೋವರ್ ಸರ್ಕಾರ ಬಂದಾಗ ಆ ಹಣವನ್ನು ನಿಲ್ಲಿಸಿತು. ಉದ್ಯಮಗಳ ಒಳಗುಟ್ಟನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯುವುದು ಸಮಾಜವಾದಿ ಯೋಜನೆಗೆ ಬಾಗಿಲು ತೆರೆದಂತೆ ಎಂಬ ಶಂಕೆ ಅದರ ಹಿಂದಿತ್ತು. ಮಾಸ್ಕೋದಲ್ಲಿ ಅಂಕಿಗಳ ಆಟವೆನಿಸಿಕೊಂಡದ್ದು ವಾಷಿಂಗ್ಟನ್ನಿನಲ್ಲಿ ಮಾಸ್ಕೋದ ಆಟವೆನಿಸಿತು. ಎರಡೂ ಕಡೆಯವರಿಗೆ ಒಂದೇ ಪುಸ್ತಕದ ಬಗ್ಗೆ ಅಪನಂಬಿಕೆ ಹುಟ್ಟಿತೆಂದರೆ ಆ ಪುಸ್ತಕದಲ್ಲಿ ಏನೋ ನಿಜವಿದ್ದಿರಬೇಕು.

ಅದೇ 1953ನೆಯ ವರ್ಷ ಲಿಯೊಂಟಿಫ್ ಅವರ ಬದುಕಿನ ಅತ್ಯಂತ ವಿವಾದಾಸ್ಪದ ಬರಹ ಹೊರಬಂದಿತು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದಂತೆ ಸ್ವೀಡನ್ನಿನ ಹೆಕ್‌ಷರ್ ಮತ್ತು ಒಲೀನ್ ಇವರು ಪ್ರತಿಪಾದಿಸಿದ್ದ ಸಿದ್ಧಾಂತ ಆ ಹೊತ್ತಿಗೆ ಪಾಠದ ಮನೆಗಳಲ್ಲಿ ನೆಲೆಯೂರಿತ್ತು. ಯಾವ ದೇಶದಲ್ಲಿ ಬಂಡವಾಳ ಹೇರಳವೋ ಅದು ಬಂಡವಾಳ ಹೆಚ್ಚು ಬೇಡುವ ಸರಕನ್ನು ಹೊರಗೆ ಕಳುಹಿಸುತ್ತದೆ. ಯಾವ ದೇಶದಲ್ಲಿ ದುಡಿಯುವ ಕೈಗಳು ಹೇರಳವೋ ಅದು ದುಡಿಮೆ ಹೆಚ್ಚು ಬೇಡುವ ಸರಕನ್ನು ಕಳುಹಿಸುತ್ತದೆ. ಕೇಳಿದೊಡನೆ ಒಪ್ಪಬೇಕೆನಿಸುವ ಮಾತು. ಒಪ್ಪಬೇಕೆನಿಸಿತೆಂಬ ಕಾರಣದಿಂದಲೇ ಯಾರೂ ಅದನ್ನು ತೂಗಿ ನೋಡಿರಲಿಲ್ಲ.

ಲಿಯೊಂಟಿಫ್ ತೂಗಿದರು. 1947ರ ಕೋಷ್ಟಕದ ಸಹಾಯದಿಂದ ಹತ್ತು ಲಕ್ಷ ಡಾಲರ್ ಬೆಲೆಯ ಅಮೆರಿಕನ್ ರಫ್ತಿನ ಹಿಂದೆ, ನೇರವಾಗಿಯೂ ಸುತ್ತುಬಳಸಿಯೂ, ಎಷ್ಟು ಬಂಡವಾಳ ಮತ್ತು ಎಷ್ಟು ದುಡಿಮೆ ಇದೆಯೆಂದು ಲೆಕ್ಕಹಾಕಿದರು. ಬಂಡವಾಳ 25,50,780 ಡಾಲರ್. ದುಡಿಮೆ, ಒಬ್ಬ ಕೆಲಸಗಾರನ ಒಂದು ವರ್ಷವನ್ನು ಮಾನವಾಗಿಟ್ಟುಕೊಂಡರೆ, ಸುಮಾರು 182. ಅನಂತರ ಅಷ್ಟೇ ಬೆಲೆಯ ಆಮದನ್ನು ಅಮೆರಿಕ ತಾನೇ ತಯಾರಿಸಿಕೊಳ್ಳಬೇಕಾದರೆ ಎಷ್ಟು ಬೇಕೆಂದು ನೋಡಿದರು. ಬಂಡವಾಳ 30,91,339 ಡಾಲರ್. ದುಡಿಮೆ ಸುಮಾರು 170. ಎಂದರೆ ರಫ್ತಿನಲ್ಲಿ ಪ್ರತಿ ಕೆಲಸಗಾರನ ಹಿಂದೆ ಸುಮಾರು 14,000 ಡಾಲರ್ ಬಂಡವಾಳವಿದ್ದರೆ ಆಮದಿನ ಬದಲಿ ಸರಕಿನಲ್ಲಿ 18,000ಕ್ಕೂ ಹೆಚ್ಚಿತ್ತು. ಜಗತ್ತಿನ ಅತಿ ದೊಡ್ಡ ಬಂಡವಾಳಗಾರ ರಾಷ್ಟ್ರ ದುಡಿಮೆಯನ್ನು ಮಾರಿ ಬಂಡವಾಳವನ್ನು ಕೊಳ್ಳುತ್ತಿತ್ತು! ಇದೇ ಲಿಯೊಂಟಿಫ್ ವಿರೋಧಾಭಾಸವೆಂದು ಪ್ರಸಿದ್ಧವಾಯಿತು.

ಅವರು ಕೊಟ್ಟ ಸಮಾಧಾನ ಸರಳವಾಗಿತ್ತು. ಸಂಘಟನೆ, ಶಿಕ್ಷಣ, ಉದ್ಯಮಶೀಲತೆ ಇವುಗಳ ಫಲವಾಗಿ ಅಮೆರಿಕೆಯ ಒಬ್ಬ ಕೆಲಸಗಾರ ಹೊರದೇಶದ ಮೂವರಿಗೆ ಸಮನೆಂದು ಹಿಡಿದರೆ ಅಮೆರಿಕವೇ ದುಡಿಮೆ ಹೇರಳವಾಗಿರುವ ದೇಶವಾಗುತ್ತದೆ. ಈ ಮಾತು ಬಹುಜನರಿಗೆ ರುಚಿಸಲಿಲ್ಲ. ನನಗೂ ಇದು, ಆ ಹಂತದಲ್ಲಿ, ಎಣಿಕೆಯನ್ನು ಬಿಟ್ಟು ಊಹೆಯ ಮೊರೆಹೊಕ್ಕಂತೆ ತೋರುತ್ತದೆ. ಮೂರು ಎಂಬ ಸಂಖ್ಯೆಗೆ ಅವರಲ್ಲಿ ಕೋಷ್ಟಕವಿರಲಿಲ್ಲ. ನಲವತ್ತು ವರ್ಷಗಳ ಮೇಲೆ, 1993ರಲ್ಲಿ, ಡೇನಿಯಲ್ ಟ್ರೆಫ್ಲರ್ ಹಲವು ದೇಶಗಳ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ ಉತ್ಪಾದಕತೆಯ ಭೇದವನ್ನು ಲೆಕ್ಕಕ್ಕೆ ಹಿಡಿದರೆ ಲಿಯೊಂಟಿಫ್ ಹೇಳಿದ್ದು ಸರಿಯೇ ಎಂದು ತೋರಿಸಿದರು. ಈ ನಡುವೆ 1980ರಲ್ಲಿ ಎಡ್ವರ್ಡ್ ಲೀಮರ್ ಪರೀಕ್ಷೆಯ ವಿಧಾನವನ್ನೇ ಪ್ರಶ್ನಿಸಿದ್ದರು. ಯುದ್ಧಾನಂತರದ 1947 ಸಾಮಾನ್ಯ ವರ್ಷವಾಗಿರಲಿಲ್ಲವೆಂದವರೂ ಇದ್ದರು.

ಈ ವಾದವಿವಾದಗಳಲ್ಲಿ ಒಂದು ಅಂಶ ನಮ್ಮ ಪ್ರಸ್ತುತ ವಿಷಯಕ್ಕೆ ಬಹು ಮುಖ್ಯ. ಅಮೆರಿಕಕ್ಕೆ ಬಂದ ಸರಕು ಅದನ್ನು ಕಳುಹಿಸಿದ ದೇಶದಲ್ಲಿ ಹೇಗೆ ತಯಾರಾಯಿತು, ಅಲ್ಲಿ ಅದಕ್ಕೆ ಎಷ್ಟು ಕೈಗಳು ದುಡಿದವು ಎಂಬುದನ್ನು ಲಿಯೊಂಟಿಫ್ ಲೆಕ್ಕಹಾಕಲಾಗಲಿಲ್ಲ. ಆ ದೇಶಗಳ ಕೋಷ್ಟಕಗಳು ಇರಲೇ ಇಲ್ಲ. ಆದ್ದರಿಂದ ಅವರು ಅಮೆರಿಕೆಯ ಗುಣಾಂಕಗಳಿಂದಲೇ ಆಮದನ್ನು ಅಳೆದರು, ಮನೆಯ ಸೇರಿನಿಂದ ನೆರೆಯೂರಿನ ಭತ್ತವನ್ನು ಅಳೆದಂತೆ. ಆಯ್ದುಕೊಂಡ ಪ್ರಶ್ನೆಗೆ ಆ ವಿಧಾನ ಸಲ್ಲುವಂತಹುದೇ ಆಗಿತ್ತು. ಆದರೆ ವ್ಯಾಪಾರವೆಂಬುದು ಇಬ್ಬರ ವ್ಯವಹಾರ. ಒಬ್ಬನ ಪುಸ್ತಕ ಮಾತ್ರ ಮುಂದಿತ್ತು.

ಬೇರೆ ದೇಶಗಳ ಪುಸ್ತಕಗಳು ಒಂದೊಂದಾಗಿ ಬರತೊಡಗಿದ್ದವು. 1950ರಲ್ಲಿ ನೆದರ್ಲೆಂಡ್ಸಿನ ಡ್ರೀಬರ್ಗೆನ್ ಎಂಬಲ್ಲಿ ಈ ವಿದ್ಯೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ನಾರ್ವೆ, ಡೆನ್ಮಾರ್ಕ್, ಬ್ರಿಟನ್, ಇಟಲಿ, ಜಪಾನ್ ಕೋಷ್ಟಕಗಳನ್ನು ಕಟ್ಟಿದವು. ಸೋವಿಯತ್ ಒಕ್ಕೂಟವೂ 1959ರ ಸಾಲಿಗೆ ಒಂದನ್ನು ಸಿದ್ಧಪಡಿಸಿತು. ಮನೆಬಿಟ್ಟು ಹೋದ ವಿದ್ಯೆ ಮುಪ್ಪಿನ ಮುನ್ನ ಮನೆಗೆ ಮರಳಿದಂತಾಯಿತು.

ಭಾರತದ ಪಾಲು ಈ ಕಥೆಯಲ್ಲಿ ಚಿಕ್ಕದಲ್ಲ. ಮಹಾಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1950ರ ದಶಕದಲ್ಲಿಯೇ ನಮ್ಮ ದೇಶದ ಕೋಷ್ಟಕಗಳನ್ನು ಕಟ್ಟತೊಡಗಿತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ರಂಗನಾಥ ಭಾರದ್ವಾಜ್ ಲಿಯೊಂಟಿಫ್ ಅವರ ಪರೀಕ್ಷೆಯನ್ನು ಭಾರತದ ವಿದೇಶೀ ವ್ಯಾಪಾರಕ್ಕೆ ಅನ್ವಯಿಸಿದರು. 1962ರಲ್ಲಿ ಅವರ ಅಧ್ಯಯನ ಹೊರಬಂದಿತು. ಒಟ್ಟು ಜಗತ್ತಿನೊಡನೆ ನೋಡಿದರೆ ಭಾರತ ನಿರೀಕ್ಷೆಯಂತೆ ದುಡಿಮೆಯ ಸರಕನ್ನೇ ಕಳುಹಿಸುತ್ತಿತ್ತು. ಆದರೆ ಅಮೆರಿಕೆಯೊಡನೆ ಮಾತ್ರ ನಡೆದ ವ್ಯಾಪಾರದಲ್ಲಿ ಬಡ ಭಾರತ ಬಂಡವಾಳದ ಸರಕನ್ನು ಕಳುಹಿಸಿ ದುಡಿಮೆಯ ಸರಕನ್ನು ತರಿಸಿಕೊಳ್ಳುತ್ತಿತ್ತು. ವಿರೋಧಾಭಾಸದ ಇನ್ನೊಂದು ಮುಖ ನಮ್ಮ ಕಡೆಯಿಂದ ಕಂಡದ್ದು ಹೀಗೆ. ಭಾರದ್ವಾಜರ ಪತ್ನಿ, ಕಾರವಾರದಲ್ಲಿ 1935ರಲ್ಲಿ ಹುಟ್ಟಿದ ಕೃಷ್ಣಾ ಭಾರದ್ವಾಜ್, ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ದೊಡ್ಡ ಹೆಸರಾದವರು. ಅವರೂ ಆರಂಭದ ದಿನಗಳಲ್ಲಿ ಇದೇ ಹೊಲವನ್ನು ಉತ್ತರು. ಉದ್ಯಮಗಳ ಪರಸ್ಪರಾವಲಂಬನೆ ಮತ್ತು ಅವುಗಳಲ್ಲಿ ಕೀಲಿಯಂತಹ ವಲಯ ಯಾವುದೆಂಬ ಪ್ರಶ್ನೆಯನ್ನು ಕುರಿತ ಅವರ ಲೇಖನ 1966ರಲ್ಲಿ ಪ್ರಕಟವಾಯಿತು. ಪುಣೆಯ ಗೋಖಲೆ ಸಂಸ್ಥೆಯಲ್ಲಿ ಪಿ. ಎನ್. ಮಾಥುರ್ ಸುತ್ತ ಒಂದು ಸಂಶೋಧಕರ ಬಳಗವೇ ಬೆಳೆಯಿತು. ಸರ್ಕಾರದ ಕೇಂದ್ರೀಯ ಸಾಂಖ್ಯಿಕ ಸಂಘಟನೆ 1968-69ರ ಸಾಲಿಗೆ 60 ವಲಯಗಳ ಅಧಿಕೃತ ಕೋಷ್ಟಕವನ್ನು ಹೊರತಂದದ್ದು 1978ರಲ್ಲಿ. ಹತ್ತು ವರ್ಷ ತಡವಾಗಿ ಬಂದ ಕನ್ನಡಿಯಲ್ಲಿ ದೇಶ ತನ್ನ ಹಳೆಯ ಮುಖವನ್ನು ನೋಡಿಕೊಂಡಿತು.

ಹೀಗೆ ಪುಸ್ತಕಗಳು ಹುಟ್ಟಿದರೂ ಅವನ್ನು ಒಂದಕ್ಕೊಂದು ಹೊಲಿಯುವುದು ಬೇರೆಯೇ ಕೆಲಸ. ಒಂದು ದೇಶ ಜವಳಿಯನ್ನೂ ಸಿದ್ಧ ಉಡುಪನ್ನೂ ಒಂದೇ ವಲಯವಾಗಿ ಬರೆದರೆ ಇನ್ನೊಂದು ಎರಡಾಗಿ ಬರೆಯುತ್ತದೆ. ಒಂದರ ಕೋಷ್ಟಕ ಕಾರ್ಖಾನೆಯ ಬಾಗಿಲಿನ ಬೆಲೆಯಲ್ಲಿ, ಇನ್ನೊಂದರದು ಅಂಗಡಿಯ ಬೆಲೆಯಲ್ಲಿ. ವರ್ಷಗಳು ಹೊಂದವು, ನಾಣ್ಯಗಳು ಹೊಂದವು. ಮುಂಬಯಿ ಬಂದರಿನಿಂದ ಹೊರಟ ಸರಕನ್ನು ನಮ್ಮ ಸುಂಕದ ಕಟ್ಟೆ ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಬಿಟ್ಟು ಬರೆಯುತ್ತದೆ. ತಲಪಿದ ಬಂದರಿನವರು ಅವನ್ನು ಸೇರಿಸಿ ಬರೆಯುತ್ತಾರೆ. ಆದ್ದರಿಂದ ಜಗತ್ತಿನ ರಫ್ತನ್ನೆಲ್ಲ ಕೂಡಿದರೂ ಜಗತ್ತಿನ ಆಮದು ಬರುವುದಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಹೊರಗಿನಿಂದ ಬಂದ ಉಕ್ಕು ದೇಶದೊಳಗೆ ಯಾವ ಉದ್ಯಮಕ್ಕೆ ಹೋಯಿತೆಂಬುದನ್ನು ಸುಂಕದ ಕಾಗದಗಳು ಹೇಳುವುದಿಲ್ಲ. ಎಲ್ಲ ಉದ್ಯಮಗಳೂ ಒಂದೇ ಪ್ರಮಾಣದಲ್ಲಿ ವಿದೇಶೀ ಉಕ್ಕನ್ನು ಬಳಸುತ್ತವೆಯೆಂದು ಹಿಡಿದು ಮುಂದುವರಿಯಬೇಕಾಗುತ್ತದೆ. ಈ ಕೊರತೆಗಳನ್ನು ಶಿಸ್ತಿಗೆ ತಂದವರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಸ್ಟೋನ್ ಮುಖ್ಯರು. ಅಡ್ಡಸಾಲು, ಕಂಬಸಾಲುಗಳ ಮೊತ್ತ ತಾಳೆಯಾಗುವವರೆಗೆ ಕೋಷ್ಟಕವನ್ನು ಮತ್ತೆ ಮತ್ತೆ ತಿದ್ದುವ ವಿಧಾನವನ್ನು ರೂಪಿಸಿದವರು ಅವರು. 1968ರ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಹೂಡುವಳಿ-ಹುಟ್ಟುವಳಿ ಕೋಷ್ಟಕಕ್ಕೆ ಸ್ಥಾನ ದೊರೆತದ್ದೂ ಅವರಿಂದಲೇ. ಲಿಯೊಂಟಿಫ್ ಅವರ ಕೀರ್ತಿಯ ಬೆಳಕಿನಲ್ಲಿ ಸ್ಟೋನ್ ಅವರ ಈ ಮೌನದ ದುಡಿಮೆ ಕೆಲವೊಮ್ಮೆ ಮರೆಯಾಗುವುದುಂಟು.

1970ರ ಡಿಸೆಂಬರಿನಲ್ಲಿ ಅಮೆರಿಕನ್ ಅರ್ಥಶಾಸ್ತ್ರ ಸಂಘದ ಅಧ್ಯಕ್ಷ ಪೀಠದಿಂದ ಲಿಯೊಂಟಿಫ್ ತಮ್ಮ ಸಹೋದ್ಯೋಗಿಗಳನ್ನು ತೀಕ್ಷ್ಣವಾಗಿ ಟೀಕಿಸಿದರು. ಗಣಿತದ ಸೊಗಸಿಗೆ ಮಾರುಹೋಗಿ, ಯಾರೂ ಕಣ್ಣಿಂದ ಕಾಣದ ಸಂಗತಿಗಳ ಮೇಲೆ ಸಿದ್ಧಾಂತದ ಮಹಡಿ ಕಟ್ಟುತ್ತಿರುವುದನ್ನು ಎತ್ತಿ ತೋರಿಸಿದರು. ಬೇಸಾಯದ ಅರ್ಥಶಾಸ್ತ್ರಜ್ಞರು ಹೊಲದ ವಿಜ್ಞಾನಿಗಳೊಡನೆ ಕೂಡಿ ದುಡಿಯುವುದನ್ನು ಮಾದರಿಯಾಗಿ ಮುಂದಿಟ್ಟರು. ಮುಂದೆ 1982ರಲ್ಲಿ ಅವರು ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ, ದೇಶದ ಅಗ್ರಗಣ್ಯ ಅರ್ಥಶಾಸ್ತ್ರ ನಿಯತಕಾಲಿಕದ ಲೇಖನಗಳನ್ನು ಎಣಿಸಿ, ಅವುಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಯಾವ ಅಂಕಿ-ಅಂಶವೂ ಇಲ್ಲದ ಗಣಿತದ ಮಾದರಿಗಳೆಂದು ತೋರಿಸಿದರು. ಟೀಕಿಸುವಾಗಲೂ ಎಣಿಸಿಯೇ ಟೀಕಿಸಿದರು! ವಿಭಾಗದ ಒಲವು ಬೇರೆಯಾಗಿದ್ದುದರಿಂದ ಅವರಿಗೆ ಹಾರ್ವರ್ಡಿನಲ್ಲಿ ನೆಮ್ಮದಿಯಿರಲಿಲ್ಲ. 1975ರಲ್ಲಿ ಅದನ್ನು ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ 1978ರಲ್ಲಿ ಆರ್ಥಿಕ ವಿಶ್ಲೇಷಣ ಸಂಸ್ಥೆಯನ್ನು ಸ್ಥಾಪಿಸಿದರು. ಎಪ್ಪತ್ತರ ಅಂಚಿನಲ್ಲಿ ಮನೆ ಬದಲಿಸುವ ಧೈರ್ಯ ಎಲ್ಲ ಪ್ರಾಧ್ಯಾಪಕರಿಗೂ ಇರುವುದಿಲ್ಲ.

ಇದರ ನಡುವೆ 1973ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಸ್ಟಾಕ್‌ಹೋಮಿನ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಅಮೆರಿಕೆಯ ಕೋಷ್ಟಕವಲ್ಲ, ಇಡೀ ಜಗತ್ತಿನ ಅರ್ಥರಚನೆ. ಅಭಿವೃದ್ಧಿ ಹೊಂದಿದ ದೇಶಗಳು, ಹೊಂದದ ದೇಶಗಳು ಎಂದು ಲೋಕವನ್ನು ಎರಡಾಗಿ ವಿಂಗಡಿಸಿ, ಅವುಗಳ ವ್ಯಾಪಾರವನ್ನೂ ಅವು ಹೊರಚೆಲ್ಲುವ ಮಾಲಿನ್ಯವನ್ನೂ ಒಂದೇ ಚೌಕಟ್ಟಿನಲ್ಲಿಟ್ಟು ತೋರಿಸಿದರು. ಮಾಲಿನ್ಯವನ್ನು ಕೋಷ್ಟಕದ ಒಂದು ಸಾಲಾಗಿ ಬರೆಯುವ ದಾರಿಯನ್ನು ಅವರು 1970ರಲ್ಲಿಯೇ ತೋರಿಸಿದ್ದರು. ಅದೇ ವರ್ಷ ವಿಶ್ವಸಂಸ್ಥೆ ಅವರಿಗೆ ಒಂದು ಕಾರ್ಯ ವಹಿಸಿತು. ಬಡ ರಾಷ್ಟ್ರಗಳು ಇಪ್ಪತ್ತನೆಯ ಶತಮಾನದ ಕೊನೆಗೆ ಸಿರಿವಂತ ರಾಷ್ಟ್ರಗಳೊಡನಿರುವ ಅಂತರವನ್ನು ಅರ್ಧಕ್ಕೆ ಇಳಿಸಬೇಕಾದರೆ ಏನೇನು ಬೇಕು ಎಂದು ಲೆಕ್ಕಹಾಕುವುದೇ ಅದು. ಆನ್ ಕಾರ್ಟರ್ ಮತ್ತು ಪೀಟರ್ ಪೆಟ್ರಿ ಇವರೊಡನೆ ಕೂಡಿ ಅವರು ಜಗತ್ತನ್ನು 15 ಪ್ರದೇಶಗಳಾಗಿಯೂ ಪ್ರತಿಯೊಂದನ್ನು 45 ವಲಯಗಳಾಗಿಯೂ ವಿಂಗಡಿಸಿದರು. 1977ರಲ್ಲಿ ವರದಿ ಪ್ರಕಟವಾಯಿತು. ಖನಿಜ, ಆಹಾರ, ಪರಿಸರಗಳ ಮಿತಿ ದಾಟಲಾಗದ ಅಡ್ಡಿಯಲ್ಲ, ಅಡ್ಡಿಯಿರುವುದು ರಾಜಕೀಯ, ಸಾಮಾಜಿಕ ಮತ್ತು ಸಾಂಸ್ಥಿಕ ವ್ಯವಸ್ಥೆಯಲ್ಲಿ ಎಂಬುದು ಅದರ ನಿರ್ಣಯ. ಬಡ ದೇಶಗಳು ತಮ್ಮ ಉತ್ಪನ್ನದ 30ರಿಂದ 40 ಪ್ರತಿಶತವನ್ನು ಹೂಡಿಕೆಗೆ ಎತ್ತಿಡಬೇಕಾಗುತ್ತದೆ ಎಂಬ ಕಟುಸತ್ಯವನ್ನೂ ಅದು ಮರೆಮಾಚಲಿಲ್ಲ.

ಈ ಜಾಗತಿಕ ಮಾದರಿಯ ಮಹತ್ತ್ವಾಕಾಂಕ್ಷೆಯನ್ನು ಮೆಚ್ಚುತ್ತಲೇ ಅದರ ಮಿತಿಯನ್ನೂ ಹೇಳಬೇಕು. ಪ್ರತಿಯೊಂದು ಪ್ರದೇಶವೂ ತನ್ನ ರಫ್ತನ್ನು ಒಂದು ಸಮಾನ ಕೊಳಕ್ಕೆ ಸುರಿಯುತ್ತದೆ, ತನ್ನ ಆಮದನ್ನು ಆ ಕೊಳದಿಂದಲೇ ಮೊಗೆದುಕೊಳ್ಳುತ್ತದೆ ಎಂದು ಅದರಲ್ಲಿ ಕಲ್ಪಿಸಲಾಗಿತ್ತು. ಒಟ್ಟು ಎಷ್ಟೆಂಬುದು ತಿಳಿಯುತ್ತಿತ್ತು, ಯಾರು ಯಾರಿಂದ ಎಂಬುದು ತಿಳಿಯುತ್ತಿರಲಿಲ್ಲ. 1947ರ ಕೋಷ್ಟಕ ಕಲಿಸಿದ ಪಾಠ, ಎಂದರೆ ಎದುರು ಪಕ್ಷದ ಪುಸ್ತಕವೂ ಬೇಕೆಂಬುದು, ಇಲ್ಲಿ ಅರ್ಧ ಮಾತ್ರ ನೆರವೇರಿತು. ಇದ್ದ ಮಾಹಿತಿ ಅಷ್ಟೇ ಆಗಿತ್ತು. ಇಲ್ಲದ ಅಂಕಿಗಳನ್ನು ಸೃಷ್ಟಿಸುವುದಕ್ಕಿಂತ ಕೊಳದ ಕಲ್ಪನೆಯೇ ಪ್ರಾಮಾಣಿಕವೆಂದು ಅವರಿಗೆ ತೋರಿದ್ದಿರಬೇಕು.

ಗುರುವಾಗಿ ಲಿಯೊಂಟಿಫ್ ಭಾಗ್ಯಶಾಲಿಗಳು. ಅವರ ಶಿಷ್ಯರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್, ರಾಬರ್ಟ್ ಸೊಲೊ, ವರ್ನನ್ ಸ್ಮಿತ್, ಥಾಮಸ್ ಶೆಲಿಂಗ್ ಈ ನಾಲ್ವರು ನೊಬೆಲ್ ಪಡೆದರು. ಬಿಡುವಿನಲ್ಲಿ ವರ್ಮಾಂಟಿನ ಹೊಳೆಗಳಲ್ಲಿ ಮೀನು ಹಿಡಿಯುವುದು ಅವರಿಗೆ ಪ್ರಿಯವಾಗಿತ್ತು. ಎಸ್ಟೆಲ್ ತಮ್ಮ ಅತ್ತೆ-ಮಾವಂದಿರನ್ನು ಕುರಿತು ಒಂದು ಸ್ಮೃತಿಗ್ರಂಥವನ್ನೇ ಬರೆದರು. ಕೊನೆಯ ದಶಕಗಳಲ್ಲಿ ಫೇ ಡುಶಿನ್ ಅವರೊಡನೆ ಸೈನಿಕ ವೆಚ್ಚವನ್ನೂ, ಯಂತ್ರಗಳಿಂದ ಕೆಲಸಗಾರರಿಗಾಗುವ ಪರಿಣಾಮವನ್ನೂ ಕೋಷ್ಟಕದ ಮೂಲಕ ಪರಿಶೀಲಿಸಿದರು. 1999ರ ಫೆಬ್ರವರಿ 5ರಂದು ನ್ಯೂಯಾರ್ಕಿನಲ್ಲಿ ಅವರ ಬದುಕು ಕೊನೆಗೊಂಡಿತು.

ಅವರು ಬಿಟ್ಟುಹೋದ ಕೆಲಸವನ್ನು ಇತರರು ಕೈಗೆತ್ತಿಕೊಂಡರು. ಕೆಲವರು ಅವರಿರುವಾಗಲೇ ಆರಂಭಿಸಿದ್ದರು. ಟೋಕಿಯೋದ ಸಂಸ್ಥೆಯೊಂದು 1975ರ ಸಾಲಿನಿಂದ ಪೂರ್ವ ಏಷ್ಯಾದ ದೇಶಗಳನ್ನೂ ಅಮೆರಿಕೆಯನ್ನೂ ಒಂದೇ ಕೋಷ್ಟಕದಲ್ಲಿ ಜೋಡಿಸಿತು. ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1992ರಿಂದ ಥಾಮಸ್ ಹರ್ಟೆಲ್ ವ್ಯಾಪಾರನೀತಿಗೆಂದೇ ಒಂದು ದತ್ತಾಂಶ ಭಂಡಾರವನ್ನು ಕಟ್ಟಿದರು. ಅಗತ್ಯ ಎಷ್ಟಿತ್ತೆಂಬುದನ್ನು ಒಂದು ಉದಾಹರಣೆ ಹೇಳುತ್ತದೆ. 2009ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಒಂದು ಐಫೋನಿನ ತಯಾರಿಕಾ ವೆಚ್ಚ 178.96 ಡಾಲರ್. ಸುಂಕದ ಲೆಕ್ಕದಲ್ಲಿ ಅದೆಲ್ಲವೂ ಚೀನಾದ ರಫ್ತು. ಬಿಡಿಭಾಗಗಳನ್ನು ಕೂಡಿಸಿದ್ದಕ್ಕಾಗಿ ಚೀನಾದಲ್ಲಿ ಉಳಿದದ್ದು ಮಾತ್ರ 6.50 ಡಾಲರ್, ಮಿಕ್ಕದ್ದು ಜಪಾನ್, ಜರ್ಮನಿ, ಕೊರಿಯಾ, ಸ್ವತಃ ಅಮೆರಿಕ ಮೊದಲಾದ ದೇಶಗಳ ಭಾಗಗಳ ಬೆಲೆ. ಯಾವ ದೇಶಕ್ಕೆ ಯಾವ ದೇಶದೊಡನೆ ಎಷ್ಟು ಕೊರತೆಯಿದೆಯೆಂಬ ರಾಜಕೀಯ ಜಗಳಗಳೆಲ್ಲ ಈ ಕಾಣದ ಸುತ್ತುಗಳ ಮೇಲೆ ನಿಂತಿವೆ.

ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾನಿಲಯದ ಮುಂದಾಳುತನದಲ್ಲಿ ಯೂರೋಪಿನ ಸಂಶೋಧಕರು 2012ರಲ್ಲಿ ಜಾಗತಿಕ ಹೂಡುವಳಿ-ಹುಟ್ಟುವಳಿ ಭಂಡಾರವೊಂದನ್ನು ಪ್ರಕಟಿಸಿದರು. 40 ದೇಶಗಳು, ಪ್ರತಿಯೊಂದಕ್ಕೂ 35 ವಲಯ. ಅವುಗಳ ಹೊರಗಿರುವುದೆಲ್ಲ ಉಳಿದ ಜಗತ್ತು ಎಂಬ ಒಂದೇ ಹೆಸರಿನಲ್ಲಿ. ಹೀಗೆ 1,435 ಅಡ್ಡಸಾಲು, ಅಷ್ಟೇ ಕಂಬಸಾಲು, ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಕೋಶಗಳು. ಲಿಯೊಂಟಿಫ್ ಅವರ ಕೊಳ ಇಲ್ಲಿಲ್ಲ; ಯಾವ ದೇಶದ ಯಾವ ಉದ್ಯಮ ಯಾವ ದೇಶದ ಯಾವ ಉದ್ಯಮಕ್ಕೆ ಕೊಟ್ಟಿತೆಂಬುದಕ್ಕೆ ಒಂದೊಂದು ಕೋಶವಿದೆ. ಶ್ರೀಮಂತ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಘಟನೆ ಮತ್ತು ವಿಶ್ವ ವ್ಯಾಪಾರ ಸಂಘಟನೆ ಕೂಡಿ 2013ರಲ್ಲಿ ಇಂತಹುದೇ ಲೆಕ್ಕವನ್ನು ಹೊರತಂದವು. ಗ್ರೋನಿಂಗನ್ ಭಂಡಾರದ 40 ದೇಶಗಳಲ್ಲಿ ಭಾರತವಿದೆ. ಆದರೆ ಐದು ವರ್ಷಕ್ಕೊಮ್ಮೆ ಬರುತ್ತಿದ್ದ ನಮ್ಮ ಕೋಷ್ಟಕಗಳ ನಡುವಣ ವರ್ಷಗಳನ್ನು ಅಂದಾಜಿನಿಂದ ತುಂಬಬೇಕಾಯಿತು. ಆಫ್ರಿಕಾದ ಒಂದು ದೇಶಕ್ಕೂ ಅಲ್ಲಿ ತನ್ನದೇ ಆದ ಸಾಲಿಲ್ಲ. ಇಡೀ ಖಂಡ ಉಳಿದ ಜಗತ್ತಿನ 35 ಸಾಲುಗಳಲ್ಲಿ ಬೆರೆತುಹೋಗಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಿದ್ಧವಾದ ಇನ್ನೊಂದು ಭಂಡಾರ ಸುಮಾರು 190 ದೇಶಗಳಿಗೆ ಸಾಲು ಕೊಟ್ಟಿತು. ಆದರೆ ಅವುಗಳಲ್ಲಿ ಅನೇಕ ದೇಶಗಳು ತಮ್ಮ ಕೋಷ್ಟಕವನ್ನು ತಾವೇ ಕಟ್ಟಿಕೊಂಡಿರಲಿಲ್ಲ. ಅವುಗಳ ಕೋಶಗಳಲ್ಲಿರುವುದು ಬೇರೆ ದೇಶಗಳ ಗುಣಾಂಕಗಳಿಂದ ಅಳೆದ ಅಂದಾಜು.